ಕೀಲಿನ ಕೋಪ

ದರ್ಜಿ ಬಸಲಿಂಗವ್ವ ಹಿಂದಕ್ಕೂ ಮಡಚುವ ಲ್ಯಾಪ್‌ಟಾಪೊಂದನ್ನು ಪರೀಕ್ಷಿಸಲು ತಂದಿದ್ದಳು. ಹಿಡಿಸದಿದ್ದರೆ ಸಂಜೆ ವಾಪಸು.

“ಬೆರಳಿಟ್ಟರೆ ರವಿಕೆಯ ಕೊರಳಿನ ವಿನ್ಯಾಸ ಬಿಡಿಸುತ್ತೇನೆ, ಹಿಂದಕ್ಕೆ ಮಡಚಿದರೆ ಸ್ಲೇಟಾಗುತ್ತೇನೆ. ನಾವಿಲ್ಲಿ ಉಳಿದರೆ ಅದು ನನ್ನಿಂದಲೇ,” ಎಂದಿತು ಪರದೆ.

“ನೀನು ಸ್ಲೇಟಾದಾಗಲೆಲ್ಲ ಸೀಮೆಸುಣ್ಣದ ಪುಡಿಯಲ್ಲಿ ಬೋರಲು ಬೀಳುವುದು ನಾನು. ಅಳತೆ ಬರೆಯುವಾಗ ಮಾತ್ರ ನಾನು ಬೇಕೇ?” ಎಂದಿತು ಕೀಲಿಮಣೆ.

“ನಮಗೆ ಇಷ್ಟು ಭಾರ ಬಂದದ್ದೇ ನಿನ್ನಿಂದ,” ಎಂದಿತು ಪರದೆ.

ನಡುವಿನ ಕೀಲು ರೇಗಿತು. “ಬೆಳಗಿನಿಂದ ನೂರು ಸಲ ನಿಮ್ಮಿಬ್ಬರನ್ನೂ ಹಿಡಿದು ತಿರುಗಿದ್ದೇನೆ. ಒಬ್ಬರಾದರೂ ನನ್ನ ಹೆಸರೆತ್ತಿದಿರಾ?” ಎಂದು ಹಿಡಿತ ಬಿಟ್ಟಿತು. ಪರದೆ ಅಂಗಾತ ಬಿದ್ದಿತು.

ಬಸಲಿಂಗವ್ವ ಲ್ಯಾಪ್‌ಟಾಪನ್ನು ವಾಪಸು ಕೊಡಲು ಪೆಟ್ಟಿಗೆಗೆ ಹಾಕಿ, ಎಂದಿನಂತೆ ಕತ್ತರಿಗೆ ಎಣ್ಣೆ ಬಿಟ್ಟಳು.

“ನನಗೂ ಅಲಗುಗಳು ಎರಡಿವೆ, ಎರಡೂ ಹರಿತ,” ಎಂದಿತು ಕತ್ತರಿ ಪೆಟ್ಟಿಗೆಯ ಕಡೆಗೆ. “ಆದರೆ ದಿನವೂ ಮೊದಲ ಹನಿ ನಡುವಿನ ತಿರುಪಿಗೆ.”