ಟೇಪಿನ ಇನ್ನೊಂದು ತುದಿ

ಊರು ಮುಗಿದು ಹೊಳೆ ಶುರುವಾಗುವ ಕಡೆ ಒಂದು ಆಶ್ರಮವಿತ್ತು. ಈಗ ಊರು ಹೊಳೆಯನ್ನೂ ದಾಟಿ ಹೋಗಿದೆ, ಆ ಮಾತು ಬೇರೆ. ಆಶ್ರಮ ಅಂದ ಕೂಡಲೇ ಗೋಪುರ, ಗಂಟೆ, ಜಟೆ ಬಿಟ್ಟ ಸ್ವಾಮಿಗಳು ಅಂದುಕೊಳ್ಳಬೇಡಿ. ಮೂರು ಹಂಚಿನ ಕೋಣೆ, ಒಂದು ಬಾವಿ, ಗೋಡೆ ತುಂಬ ಊರಿನ ಬೀದಿಗಳ ನಕ್ಷೆ, ಅಷ್ಟೇ.

ಅಲ್ಲಿನ ಗುರು ನೀಲಾಂಬಿಕೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಅಕ್ಕನವರು ಅನ್ನುತ್ತಿದ್ದರು.

ಅವರ ಶಿಷ್ಯರಿಗೆ ಜಪವಿಲ್ಲ, ತಪವಿಲ್ಲ. ಬೆಳಿಗ್ಗೆ ಎದ್ದು ಊರೊಳಗೆ ಹೋಗಬೇಕು, ಬೀದಿಯ ಒಂದೊಂದೇ ಮರ ನೋಡಬೇಕು. ಯಾವ ಮರ, ಎಷ್ಟು ಎತ್ತರ, ಎದೆಮಟ್ಟದಲ್ಲಿ ಎಷ್ಟು ಸುತ್ತಳತೆ, ಆರೋಗ್ಯ ಹೇಗಿದೆ, ಎಲ್ಲ ಬರೆದು ತರಬೇಕು. ಊರಲ್ಲಿ ಯಾವ ಮರಕ್ಕೆ ಕೊಡಲಿ ಎತ್ತಿದರೂ ಮೊದಲು ಎಲ್ಲರೂ ತೆಗೆದು ನೋಡುತ್ತಿದ್ದದ್ದು ಈ ಪಟ್ಟಿಯನ್ನೇ. ನಗರಸಭೆ ಕಚೇರಿಯವರೂ ಅದನ್ನೇ ತರಿಸಿಕೊಳ್ಳುತ್ತಿದ್ದರು.

ಅಕ್ಕನವರ ಒಂದು ಪದ್ಧತಿ ಮಾತ್ರ ವಿಚಿತ್ರವಾಗಿತ್ತು. ಶಿಷ್ಯ ಒಬ್ಬನೇ ಹೋಗಬೇಕು. ದೊಡ್ಡ ಮರದ ಸುತ್ತಳತೆ ಒಬ್ಬರಿಂದ ಆಗುವ ಕೆಲಸವಲ್ಲ, ಒಬ್ಬರು ಟೇಪಿನ ತುದಿ ಒತ್ತಿ ಹಿಡಿದರೆ ಇನ್ನೊಬ್ಬರು ಸುತ್ತು ಬರಬೇಕು. ಆ ತುದಿ ಹಿಡಿಯುವವರು ಆ ಬೀದಿಯವರೇ ಆಗಿರಬೇಕು. ಯಾರಾದರೂ ಸರಿ. ಹೆಸರು ಕೇಳಬೇಕು, ಸ್ವಲ್ಪ ಹಿಡಿಯುತ್ತೀರಾ ಅಂತ ಬೇಡಿಕೊಳ್ಳಬೇಕು, ಮುಗಿದ ಮೇಲೆ ಕೈಮುಗಿದು ಬರಬೇಕು.

ಯಾಕೆ ಅಂತ ಅಕ್ಕನವರು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಮಹಾರುದ್ರ ಎಂಬ ಶಿಷ್ಯ ಬಂದ. ದೊಡ್ಡ ಓದು ಓದಿದವನು, ಚುರುಕು, ಮೈಗಳ್ಳತನ ಗೊತ್ತೇ ಇಲ್ಲ. ಶಿಷ್ಯರ ಹಣೆಬರಹವೇ ಇಷ್ಟು ನೋಡಿ, ಮೊದಲ ತಿಂಗಳು ಗುರುವಿನ ಕಾಲಿಗೆ ಬೀಳುತ್ತಾರೆ, ಎರಡನೇ ತಿಂಗಳು ಗುರುವಿಗೇ ಬುದ್ಧಿ ಹೇಳುತ್ತಾರೆ. ಮಹಾರುದ್ರನಿಗೂ ಎರಡನೇ ತಿಂಗಳು ಬಂತು.

ಅವನ ಗೋಳು ಇಷ್ಟೇ. ತುದಿ ಹಿಡಿದವರು ಸುಮ್ಮನೆ ಹಿಡಿಯುವುದಿಲ್ಲ. ಒಬ್ಬಳು ಮಂಡಿನೋವು ಹೇಳುತ್ತಾಳೆ. ಒಬ್ಬ ನಿಮ್ಮದು ಯಾವೂರು, ಮದುವೆ ಆಯ್ತಾ, ಯಾಕಾಗಿಲ್ಲ ಅಂತ ಕೇಳುತ್ತಾನೆ. ಇನ್ನೊಬ್ಬ ಟೇಪು ಹಿಡಿದುಕೊಂಡೇ ಟೀ ತರಿಸುತ್ತಾನೆ. ದಿನಕ್ಕೆ ಹನ್ನೆರಡು ಮರ ಆದರೆ ಹೆಚ್ಚು. ಹೀಗಾದರೆ ಈ ಊರಿನ ಮರಗಳನ್ನು ಬರೆದು ಮುಗಿಸುವ ಹೊತ್ತಿಗೆ ಊರಲ್ಲಿ ಮರಗಳೇ ಇರುವುದಿಲ್ಲ ಅಂತ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅದೂ ಸುಳ್ಳಲ್ಲ.

ಒಂದು ದಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಸಣ್ಣದೊಂದು ಕಬ್ಬಿಣದ ಕೊಕ್ಕೆ ಮಾಡಿಸಿಕೊಂಡ. ಕೊಕ್ಕೆಯನ್ನು ತೊಗಟೆಗೆ ಸಿಕ್ಕಿಸಿ, ಟೇಪಿನ ತುದಿ ಅದಕ್ಕೆ ಹಾಕಿ, ಒಬ್ಬನೇ ಸುತ್ತಿ ಬಂದುಬಿಟ್ಟ. ಯಾರ ಹಂಗೂ ಇಲ್ಲ. ಆ ದಿನ ತೊಂಬತ್ತು ಮರ ಆದವು.

ಸಂಜೆ ಕೊಕ್ಕೆಯನ್ನು ಅಕ್ಕನವರ ಮುಂದೆ ಇಟ್ಟ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಚೂಪು ಎಷ್ಟಿದೆ ಅಂತ ಬೆರಳಿಟ್ಟು ನೋಡಿದರು. ಏನೂ ಅನ್ನದೆ ವಾಪಸ್ ಕೊಟ್ಟರು. ಒಪ್ಪಿಕೊಂಡರು ಅಂತ ಇವನು ತಿಳಿದ.

ಗೂಡ್‌ಶೆಡ್ ರಸ್ತೆಯ ಮೂವತ್ತೇಳು ಮರಗಳನ್ನು ಅವನು ಅಳೆದದ್ದು ಹೀಗೆಯೇ, ಒಂದೇ ಬೆಳಿಗ್ಗೆ. ಆ ಸಾಲಿನ ಕೊನೆಯಲ್ಲಿ ಒಂದು ಮುದಿ ಹುಣಸೆ. ಅದರ ಬುಡದಲ್ಲಿ ಒಬ್ಬ ಹೆಂಗಸು ಒಲೆ ಹೂಡಿಕೊಂಡು ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದಳು. ಇವನು ಕಾಂಡವನ್ನು ಬೆರಳ ಗೆಣ್ಣಿನಿಂದ ಬಡಿದ. ಒಳಗೆ ಖಾಲಿ ಸದ್ದು ಬಂತು. ಆಕೆ ಜಾಲರಿ ಕೆಳಗಿಟ್ಟು ಎದ್ದು ಬಂದು ಏನೋ ಹೇಳಲು ಹೊರಟಳು. ಇವನು ತಲೆಯೆತ್ತದೆ, ಆಯ್ತಮ್ಮ ಆಯ್ತು ಅಂತ ಕೈಯಾಡಿಸಿ ಬರೆದುಕೊಂಡ. ಒಳಗೆ ಟೊಳ್ಳು, ಬೀಳುವ ಅಪಾಯ ಇದೆ.

ಕೆಳಗೆ ಸಹಿ ಹಾಕಿದ. ಪಟ್ಟಿ ಕಚೇರಿಗೆ ಹೋಯಿತು. ಶಿಷ್ಯ ಸಹಿ ಮಾಡಿದ್ದನ್ನು ತಿದ್ದುವ ರೂಢಿ ಅಕ್ಕನವರಿಗೆ ಇರಲಿಲ್ಲ.

ಆರು ತಿಂಗಳು ಕಳೆದವು. ಗೂಡ್‌ಶೆಡ್ ರಸ್ತೆಯಲ್ಲಿ ನೋಟೀಸು ಅಂಟಿಸಿದರು. ರಸ್ತೆ ಅಗಲ ಮಾಡಬೇಕು, ಮೂವತ್ತೇಳು ಮರಗಳನ್ನೂ ತೆಗೆಯಬೇಕು, ಯಾರದಾದರೂ ಆಕ್ಷೇಪಣೆ ಇದ್ದರೆ ಹತ್ತು ದಿನದೊಳಗೆ ತಿಳಿಸತಕ್ಕದ್ದು.

ಮಹಾರುದ್ರ ಎರಡು ದಿನ ಕೂತು ಇಪ್ಪತ್ತು ಪುಟದ ಆಕ್ಷೇಪಣೆ ಬರೆದ. ಆ ಮರಗಳು ಎಷ್ಟು ಧೂಳು ಹಿಡಿಯುತ್ತವೆ, ಬೇಸಿಗೆಯಲ್ಲಿ ರಸ್ತೆಯ ಕಾವನ್ನು ಎಷ್ಟು ಇಳಿಸುತ್ತವೆ, ಎಲ್ಲಕ್ಕೂ ಲೆಕ್ಕ ಕೊಟ್ಟಿದ್ದ. ಒಳ್ಳೆಯ ಬರಹ ಅದು, ನಾನೇ ಓದಿದ್ದೇನೆ. ಅದನ್ನು ಹಿಡಿದುಕೊಂಡು ಗುರುವಿನ ಮುಂದೆ ನಿಂತ.

ಅಕ್ಕನವರು ಪೂರ್ತಿ ಓದಿದರು. ಕನ್ನಡಕ ತೆಗೆದರು.

“ಆ ರಸ್ತೆಯಲ್ಲಿ ಯಾರ‍್ಯಾರು ಇದ್ದಾರೆ?”

“ಹೊಂಗೆ ಹದಿನಾರು, ಬೇವು ಹನ್ನೆರಡು, ಮಳೆಮರ ಎಂಟು, ಹುಣಸೆ ಒಂದು.”

“ಯಾರಿದ್ದಾರೆ ಅಂತ ಕೇಳಿದೆ.”

ಮೂವತ್ತೇಳು ಮರಗಳ ಕೆಳಗಿದ್ದ ಒಂದು ಮುಖವೂ ಮಹಾರುದ್ರನಿಗೆ ನೆನಪಾಗಲಿಲ್ಲ. ಒಂದು ಹೆಸರೂ ಗೊತ್ತಿರಲಿಲ್ಲ.

ಅಕ್ಕನವರು ಕೈ ಚಾಚಿ ಕೊಕ್ಕೆ ಕೇಳಿದರು. ಕೊಟ್ಟ. ಅದನ್ನು ಪೆಟ್ಟಿಗೆಯಲ್ಲಿ ಹಾಕಿ, ಟೇಪು ತೆಗೆದು ಅವನ ಕೈಗಿಟ್ಟರು.

“ಮತ್ತೆ ಅಳೆದು ಬಾ.”

“ಅಳತೆಯಲ್ಲಿ ತಪ್ಪಿಲ್ಲ, ಅಕ್ಕನವರೇ.”

“ಇದೆ ಅಂತ ನಾನೆಲ್ಲಿ ಹೇಳಿದೆ?”

ಉಳಿದದ್ದು ಎಂಟು ದಿನ. ಅಳೆದದ್ದನ್ನೇ ಅಳೆಯುವುದಕ್ಕೆ ಹೋಗುವಾಗ ಅವನಿಗೆ ಒಳಗೊಳಗೇ ಸಿಟ್ಟಿತ್ತು. ಮುದುಕಿಗೆ ಅರಳುಮರುಳು ಅಂತಲೂ ಅಂದುಕೊಂಡನಂತೆ. ಆಮೇಲೆ ಅವನೇ ನಾಚಿಕೊಂಡು ಹೇಳಿದ್ದು ಇದು.

ಮೊದಲ ಮರದ ಕೆಳಗೆ ಬೀಗ ರಿಪೇರಿ ಮಾಡುವ ಮೌಲಾಸಾಬ್ ಕೂತಿದ್ದ. ಸ್ವಲ್ಪ ಹಿಡೀತೀರಾ ಅಂತ ಕೇಳುವುದಕ್ಕೆ ಮಹಾರುದ್ರನ ನಾಲಿಗೆ ಹೊರಳಲಿಲ್ಲ. ಮೌಲಾಸಾಬನೇ ಎದ್ದು ಬಂದು ತುದಿ ಒತ್ತಿ ಹಿಡಿದ. ಎಷ್ಟು ಬಂತು ಅಂತ ಕೇಳಿದ. ಏಳಡಿ ನಾಲ್ಕಿಂಚು ಅಂದಾಗ, ಅಬ್ಬಾ, ನಾನು ಬಂದಾಗ ನನ್ನ ತೊಡೆಯಷ್ಟಿತ್ತು ಅಂದ. ಆ ಮರಕ್ಕೆ ನೋಟೀಸು ಬಂದಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಬೀಗದ ಕೈ ಉಜ್ಜುವವನಿಗೆ ಕಚೇರಿಯ ಕಾಗದ ಯಾರು ಓದಿ ಹೇಳಬೇಕು?

ಮಹಾರುದ್ರ ಅಲ್ಲೇ ಕೂತು ಓದಿ ಹೇಳಿದ. ಎರಡನೇ ಮರಕ್ಕೆ ಮೌಲಾಸಾಬನೇ ಜೊತೆಗೆ ಬಂದು, ಹಿಡಿಯಲು ಒಬ್ಬರನ್ನು ಕರೆದುಕೊಟ್ಟ. ದಿನಕ್ಕೆ ಏಳೆಂಟು ಮರ ಆಗತೊಡಗಿದವು. ಹೂ ಕಟ್ಟುವವರು, ಆಟೋದವರು, ಬಸ್ಸಿಗೆ ಕಾಯುವ ನರ್ಸಮ್ಮ, ಹಿಡಿದವರೆಲ್ಲ ನೋಟೀಸು ಓದಿಸಿಕೊಂಡು, ತಮ್ಮ ಮರದ ಸಂಖ್ಯೆ ಕೇಳಿ ಇಟ್ಟುಕೊಂಡರು. ಮಹಾರುದ್ರನಿಗೆ ಟೀ ಕುಡಿದು ಕುಡಿದು ಹೊಟ್ಟೆ ಕೆಟ್ಟಿತು. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತಲೂ ಗೊತ್ತಾಯಿತು.

ಐದನೇ ದಿನ ಹುಣಸೆಮರ ಬಂತು.

ಬೋಂಡದ ಹೆಂಗಸಿನ ಹೆಸರು ಹಾಲಮ್ಮ. ಸೆರಗಿಗೆ ಕೈ ಒರೆಸಿಕೊಂಡು ತುದಿ ಹಿಡಿದಳು. ಇವನು ಆಚೆ ಬದಿಗೆ ಸುತ್ತಿ ಹೋದಾಗ ಕಾಂಡದ ಈ ಕಡೆಯಿಂದ ಅವಳ ಮಾತು ಕೇಳುತ್ತಿತ್ತು. ಮೂವತ್ತು ವರ್ಷದ ಹಿಂದೆ ರಸ್ತೆಗೆ ಡಾಂಬರು ಹಾಕುವಾಗ ಈ ಬುಡದಲ್ಲೇ ಡ್ರಮ್ಮು ಇಟ್ಟು ಬೆಂಕಿ ಮಾಡಿದ್ದರಂತೆ. ಒಳಗೆಲ್ಲ ಸುಟ್ಟು ಖಾಲಿಯಾಯಿತು. ಎಲ್ಲರೂ ಸತ್ತೇ ಹೋಯಿತು ಅಂದರು. ಆದರೆ ಮರುವರ್ಷ ಚಿಗುರಿತು. ಆಮೇಲೆ ಎಷ್ಟೋ ಬಿರುಗಾಳಿ ಬಂದವು, ಎದುರಿನ ಸಿಮೆಂಟ್ ಕಂಬ ಮೂರು ಸಲ ಬಿತ್ತು, ಇದು ಅಲ್ಲಾಡಲಿಲ್ಲ. ಅವಳ ಮೂವರು ಹೆಣ್ಣುಮಕ್ಕಳೂ ಈ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲೇ ಮಲಗಿ ಬೆಳೆದವರು.

“ಅವತ್ತೇ ಹೇಳಾಕೆ ಬಂದೆ ಕಣಪ್ಪ. ನೀನು ಹಿಂಗೆ ಕೈ ಆಡಿಸಿಬಿಟ್ಟೆ.”

ಮಹಾರುದ್ರ ಟೇಪು ಸುತ್ತಿಕೊಂಡ. ತಾನು ಬರೆದದ್ದು ಅವನಿಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಅವನು ಅಲ್ಲಿಂದ ನೆಟ್ಟಗೆ ಆಶ್ರಮಕ್ಕೆ ಓಡಿದ. ಅಕ್ಕನವರು ಬಾವಿಕಟ್ಟೆಯ ಹತ್ತಿರ ಸೊಪ್ಪು ಸೋಸುತ್ತಿದ್ದರು. ಇವನು ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ.

“ಈಗ ಏನು ಮಾಡಲಿ?”

“ತಪ್ಪು ಬರೆದೆ ಅಂತ ಅಲ್ಲಿ ಹೋಗಿ ಹೇಳು.”

“ಹೇಳಿದರೆ ಮರ ಉಳಿಯುತ್ತಾ?”

“ಗೊತ್ತಿಲ್ಲ” ಅಂದರು ಅಕ್ಕನವರು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು.

ಆಕ್ಷೇಪಣೆಗಳ ವಿಚಾರಣೆಯ ದಿನ ಕಚೇರಿಯಲ್ಲಿ ಆರು ಕುರ್ಚಿ ಹಾಕಿದ್ದರು. ಬಂದವರು ನೂರಕ್ಕೂ ಮೇಲೆ. ಮೆಟ್ಟಿಲ ಮೇಲೆ, ಕಿಟಕಿಯ ಹೊರಗೆ, ಎಲ್ಲ ಕಡೆ ಜನ. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಯಾರು ಮೊದಲು ಮಾತಾಡುತ್ತೀರಿ ಅಂತ ಕೇಳಿದರು.

ಮೌಲಾಸಾಬ್ ಟೋಪಿ ಸರಿಪಡಿಸಿಕೊಂಡು ಎದ್ದ.

“ಒಂದನೇ ನಂಬರ್ ಮರ ನಂದು ಸಾಹೇಬ್ರೇ. ನಂದು ಅಂದ್ರೆ ನಾನು ನೆಟ್ಟಿದ್ದಲ್ಲ, ನಾನು ಹಿಡಿದಿದ್ದು. ಏಳಡಿ ನಾಲ್ಕಿಂಚು.”

ಆಮೇಲೆ ಎರಡನೇ ನಂಬರಿನವಳು ಎದ್ದಳು, ಮೂರನೆಯವನು ಎದ್ದ. ಒಬ್ಬೊಬ್ಬರಿಗೂ ಅಳತೆ ಬಾಯಿಪಾಠ. ಆ ಮರ ತಮಗೆ ಏನೇನು ಕೊಟ್ಟಿದೆ ಅನ್ನುವುದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಹೇಳಿದರು, ಕೆಲವರು ಬೇಡವೆಂದರೂ ಎರಡೆರಡು ಸಲ ಹೇಳಿದರು. ಇಪ್ಪತ್ತು ಪುಟದ ಕಡತ ಮಹಾರುದ್ರನ ತೊಡೆಯ ಮೇಲೆ ಹಾಗೆಯೇ ಇತ್ತು. ಅದನ್ನು ಕೊಟ್ಟ, ಸಾಹೇಬರು ಅದನ್ನೂ ಇಸಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ರಸ್ತೆ ಎದುರು ಬದಿಯ ಖಾಲಿ ಜಾಗದ ಕಡೆ ಅಗಲವಾಗಲಿ, ಮರಗಳು ಇರಲಿ. ಒಂದನ್ನು ಬಿಟ್ಟು.

ಮಹಾರುದ್ರ ಎದ್ದು ನಿಂತು, ಹುಣಸೆಮರದ ಬಗ್ಗೆ ತಾನು ಯಾರನ್ನೂ ಕೇಳದೆ ಅವಸರದಲ್ಲಿ ಬರೆದೆ, ಅದು ತಪ್ಪು ಅಂದ. ಅಷ್ಟು ಜನರ ಮುಂದೆ ಹಾಗೆ ಹೇಳುವುದು ಸುಲಭವಲ್ಲ. ಸಾಹೇಬರು ಕೆಟ್ಟವರೇನಲ್ಲ, ಗಮನವಿಟ್ಟು ಕೇಳಿದರು. ಆದರೆ ಅಪಾಯ ಎಂಬ ಮಾತು ಸಹಿಯ ಸಮೇತ ಕಡತದಲ್ಲಿದೆ, ನಾಳೆ ಒಂದು ಕೊಂಬೆ ಮುರಿದು ಯಾರ ತಲೆ ಮೇಲಾದರೂ ಬಿದ್ದರೆ ಯಾರು ಹೊಣೆ ಅಂತ ಕೇಳಿದರು. ಖಂಡಿತ ಬೀಳುವುದಿಲ್ಲ ಅನ್ನಲು ಅವನಿಂದ ಆಗಲಿಲ್ಲ. ಯಾವ ಮರದ ಬಗ್ಗೆಯೂ ಯಾರೂ ಹಾಗೆ ಹೇಳಲಾರರು.

ಹೊರಗೆ ಜನ ಸಂಭ್ರಮದಲ್ಲಿದ್ದರು. ಇವನು ಅವರ ನಡುವೆ ತಲೆ ತಗ್ಗಿಸಿಕೊಂಡು ಹಾಲಮ್ಮನನ್ನು ಹುಡುಕಿದ. ಅವಳು ಬೈದಳು. ಚೆನ್ನಾಗಿಯೇ ಬೈದಳು, ಅವನ ಓದಿಗೂ ಅವನ ಅವಸರಕ್ಕೂ ಸೇರಿಸಿ ಬೈದಳು. ಬೈದು ಮುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನೀನು ಮತ್ತೆ ಬರದೇ ಇದ್ದಿದ್ದರೆ ಮೂವತ್ತಾರೂ ಹೋಗುತ್ತಿದ್ದವಲ್ಲಪ್ಪ, ಅಷ್ಟಕ್ಕಾದರೂ ನಿನಗೆ ಪುಣ್ಯ ಬರಲಿ ಅಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಗಿತು ಅವನಿಗೆ.

ಹುಣಸೆಮರ ಕಡಿಯುವುದಕ್ಕೆ ಒಂದು ಸೋಮವಾರ ಬೆಳಿಗ್ಗೆ ಅಂತ ಗೊತ್ತಾಯಿತು. ಭಾನುವಾರ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗ, ಅಕ್ಕನವರು ಆಟೋ ಮಾಡಿಕೊಂಡು ಅಲ್ಲಿಗೆ ಬಂದರು. ಮಹಾರುದ್ರ ಆಗಲೇ ಅಲ್ಲಿದ್ದ. ಹಾಲಮ್ಮ ತನ್ನ ಒಲೆಯನ್ನು ಪಕ್ಕದ ಬೇವಿನ ಕೆಳಗೆ ಸಾಗಿಸುತ್ತಿದ್ದಳು, ಅವನು ಕಲ್ಲುಗಳನ್ನು ಎತ್ತಿಕೊಡುತ್ತಿದ್ದ.

ಅಕ್ಕನವರು ಒಂದು ಕೊಡ ಕೇಳಿ ಇಸಿದುಕೊಂಡರು. ಬೀದಿಯ ನಲ್ಲಿಯಲ್ಲಿ ತುಂಬಿಸಿಕೊಂಡು ಬಂದು ಹುಣಸೆಯ ಬುಡಕ್ಕೆ, ಸುತ್ತ, ನಿಧಾನವಾಗಿ ಹಾಕಿದರು. ಇನ್ನೊಂದು ಕೊಡ ತಂದರು. ಮೂರನೆಯದಕ್ಕೆ ಹೊರಟಾಗ ಮಹಾರುದ್ರ ಕೊಡ ಕಸಿದುಕೊಂಡು ತಾನೇ ತಂದ. ಆದರೆ ನೀರು ಹಾಕುವಾಗ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

“ಬೆಳಗಾದರೆ ಕಡೀತಾರೆ, ಅಕ್ಕನವರೇ. ಈಗ ಇದಕ್ಕೆ ನೀರು ಹಾಕಿ ಏನು ಬಂತು?”

ಅಕ್ಕನವರು ಸೆರಗಿನಿಂದ ಕೈ ಒರೆಸಿಕೊಂಡು ಮೇಲೆ ನೋಡಿದರು.

“ಈಗಲೂ ನಾವು ನಿಂತಿರೋದು ಇದರ ನೆರಳಲ್ಲೇ ಕಣಪ್ಪ.”