ಪದ್ಮಾಂಬ ಬಿಸ್ಕತ್ತಿನ ಬೋರ್ಡು

ಪದ್ಮಾಂಬ ಬಿಸ್ಕತ್ತು ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಗೇಟಿನ ಗೋಡೆಯಲ್ಲಿದ್ದ ಹಳೆಯ ಮರದ ಬೋರ್ಡಿನ ಮೇಲೆಯೇ ಹೊಸ ಕಂಪನಿಯ ತಗಡಿನ ಬೋರ್ಡು ಹೊಡೆದರು.

“ಇನ್ನು ನಿನ್ನನ್ನು ಓದುವವರು ಯಾರೂ ಇಲ್ಲ,” ಎಂದಿತು ತಗಡು.

“ಆಗಲಪ್ಪ. ಗಾಳಿ ಬಂದರೆ ಹೆದರಬೇಡ, ನಿನ್ನ ಮೊಳೆಗಳನ್ನು ನಾನು ಹಿಡಿದಿದ್ದೇನೆ,” ಎಂದಿತು ಮರ.

ಪ್ಯಾಕಿಂಗ್ ಕೆಲಸದ ಹೊನ್ನಮ್ಮ ಮಾತ್ರ ಆಮೇಲೂ ದಿನಾ ಆಟೋದವನಿಗೆ, “ಪದ್ಮಾಂಬದ ಹತ್ತಿರ ನಿಲ್ಲಿಸಪ್ಪ,” ಎಂದೇ ಹೇಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ತಗಡಿಗೆ ಮೈ ಉರಿಯುತ್ತಿತ್ತು.

ಆರು ವರ್ಷ ತುಂಬುವ ಮೊದಲೇ ಆ ದೊಡ್ಡ ಕಂಪನಿಯನ್ನು ಅದಕ್ಕಿಂತ ದೊಡ್ಡದೊಂದು ಕೊಂಡಿತು. ಬಡಗಿ ಮೋನಪ್ಪಾಚಾರಿ ಮತ್ತೊಂದು ಬೋರ್ಡು ಹಿಡಿದು ಏಣಿ ಹತ್ತಿದ.

“ಹಳೇವನ್ನ ಕೀಳಲ್ವಾ ಆಚಾರ್ರೇ?” ಎಂದು ಹೊನ್ನಮ್ಮ ಕೆಳಗಿನಿಂದ ಕೇಳಿದಳು.

“ಬೇಡಮ್ಮ. ಹಿಂದಿನ ಮರ ಇನ್ನೂ ಗಟ್ಟಿಯಾಗಿದೆ. ಮೇಲೇ ಹೊಡೀತೀನಿ.”

ತಗಡು ನಡುಗಿತು. “ಅಣ್ಣಾ, ಮುಖಕ್ಕೇ ಮೊಳೆ ಬೀಳುವಾಗ ನೀನು ಹೇಗೆ ತಡೆದುಕೊಂಡೆ?”

“ನನ್ನ ಬೆನ್ನಿಗೆ ಬರೀ ಗೋಡೆಯಿತ್ತು,” ಎಂದಿತು ಮರ. “ನಿನ್ನ ಬೆನ್ನಿಗೆ ನಾನಿದ್ದೇನೆ. ಒರಗಿಕೋ.”