ನಿಂಬೆವ್ವ ಹೇಳದ ಹೆಸರು

ಹೊಳೆದಂಡೆಯ ಆಶ್ರಮದಲ್ಲಿ ಸಂಗಯ್ಯನಿಗೆ ಹೊಸ ಕೆಲಸ ಬಿದ್ದಿತ್ತು. ಆಚೆ ದಂಡೆಯ ಮುದುಕರಿಗೆ ಫೋನ್ ಮಾಡಿ ಅವರ ನೆನಪು ಎಷ್ಟು ಗಟ್ಟಿ ಇದೆ ಎಂದು ನೋಡುವುದು. ಪಟ್ಟಣದ ಡಾಕ್ಟರಮ್ಮ ಪ್ರಶ್ನೆ ಕಲಿಸಿದ್ದರು. ಎಡವಿದವರನ್ನು ಅವರ ಹತ್ತಿರ ಕಳಿಸಬೇಕು. ಬೇಗ ತಿಳಿದರೆ ಬೇಗ ಔಷಧ. ಕೆಲಸ ಒಳ್ಳೆಯದೇ.

ಆ ಶನಿವಾರ ಅವನು ಬಾಡಿದ ಮುಖದಲ್ಲಿ ಗುರುಗಳ ಮುಂದೆ ಬಂದು ನಿಂತ.

"ಅಪ್ಪಾರ, ನಿಂಬೆವ್ವನ್ನ ಅಡಿಗಿಮನಿಯಿಂದ ಬಿಡಿಸಬೇಕ್ರಿ."

ಸೋಮವಾರಕ್ಕೊಮ್ಮೆ ಹೊಳೆ ದಾಟಿ ಬಂದು, ಆಶ್ರಮಕ್ಕೆ ಬಂದವರಿಗೆಲ್ಲ ಹುಗ್ಗಿ ಬೇಯಿಸುವ ಮುದುಕಿ ನಿಂಬೆವ್ವ. ಆ ಒಲೆ ಬಿಟ್ಟರೆ ಆಕೆಗೆ ಬೇರೆ ಹಬ್ಬವಿಲ್ಲ.

"ಏನಾತು?"

"ಮೂರು ಶಬ್ದ ನೆನಪಿಟ್ಕೋ ಅಂತ ಕೊಟ್ಟೆ. ಅವನ್ನ ತಿರುಗಿ ಕೇಳೂ ಮೊದಲ, ಸರಳ ಇರ್ಲಿ ಅಂತ ಒಂದು ಪ್ರಶ್ನೆ ನಾನೇ ಸೇರಿಸಿದೆ: ನಿನ್ನ ಗಂಡನ ಹೆಸರೇನು? ಸುಮ್ಮಾದ್ಲು. ಮತ್ತ ಕೇಳಿದೆ. ಉಸಿರು ಕೇಳಿಸ್ತು, ಮಾತು ಬರಲಿಲ್ಲ. ಗಂಡನ ಹೆಸರೇ ಹೋದ ಮ್ಯಾಲ ಉಳಿದದ್ದು ಏನು ಕೇಳಲಿ? ಫೋನ್ ಇಟ್ಟೆ. ನಾಳೆ ಉರಿಯೋ ಒಲಿ ಮರೆತು ಎದ್ದು ಹೋದ್ರ ಯಾರು ಹೊಣಿ?"

"ಒಲಿ ಮಾತು ಖರೆ," ಎಂದು ಗುರುಗಳು ಎದ್ದು ಬೇವಿನ ಮರದ ಹಿಂದೆ ಹೋದರು.

ಸಂಗಯ್ಯನ ಫೋನ್ ಬಡಿದುಕೊಂಡಿತು.

"ಹಲೋ. ನೆನಪಿನ ಪರೀಕ್ಷೆ." ಮರದ ಹಿಂದಿನಿಂದಲೂ ಫೋನಿನಿಂದಲೂ ಒಂದೇ ದನಿ. "ಹೆಸರು?"

"ಸಂಗಯ್ಯ ರೀ."

"ಇವತ್ತು ಯಾವ ವಾರ?"

"ಶನಿವಾರ."

"ನಿನ್ನ ಗುರುವಿನ ಹೆಸರು?"

ಸಂಗಯ್ಯ ಮರದ ಕಡೆ ನೋಡಿದ. ಈ ಅಂಗಳಕ್ಕೆ ಕಾಲಿಟ್ಟಾಗಿನಿಂದ ಆ ಹೆಸರು ಅವನ ನಾಲಿಗೆಗೆ ಬಂದದ್ದಿಲ್ಲ. ಗುರುವನ್ನು ಯಾರಾದರೂ ಹೆಸರು ಹಿಡಿದು ಹೇಳುತ್ತಾರೆಯೇ?

"ಅಪ್ಪಾರ... ಅದನ್ನ ನಾ ಹೆಂಗ..."

"ಗುರುವಿನ ಹೆಸರೇ ಹೋಗೈತಿ. ಪಾಪ, ಎಳೇ ವಯಸ್ಸು. ಸೋಮವಾರದಿಂದ ನೀನೂ ಒಲಿ ಕಡೆ ಹೋಗಬ್ಯಾಡ."

ಸಂಗಯ್ಯನ ಕಿವಿ ಕೆಂಪಾಯಿತು. ಅವನ ತಾಯಿಯೂ ಗಂಡನ ಹೆಸರು ಹೇಳಿದವಳಲ್ಲ. ಮದುವೆಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಮಾತ್ರ ಪ್ರಾಸ ಕಟ್ಟಿ ಒಡಪು ಹೇಳಿ, ಅದರೊಳಗೆ ಹೆಸರು ತೂರಿಸಿ ಓಡುತ್ತಿದ್ದಳು. ತಕ್ಕಡಿಯ ಬರಿ ತಟ್ಟೆ ಸಮ ಇದೆಯೋ ಎಂದು ನೋಡದೆ ಇವನು ಮಾಲು ತೂಗಿಬಿಟ್ಟಿದ್ದ.

ಮತ್ತೆ ಆಚೆ ದಂಡೆಗೆ ಫೋನ್ ಹಚ್ಚಿ, ಗುರುಗಳಿಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ನಿಂಬೆವ್ವಾ, ಗಂಡನ ಹೆಸರು ಬ್ಯಾಡ. ಒಂದು ಒಡಪು ಹೇಳು."

ಬಳೆಯ ಸದ್ದು, ಒಂದು ಕೆಮ್ಮು, ಆಮೇಲೆ ಏರಿದ ದನಿ:

"ಒಲಿ ಮ್ಯಾಲ ಹೋಳಿಗಿ, ಪಕ್ಕದಾಗ ತುಪ್ಪ,
ಉಂಡೆದ್ದು ಮತ್ತ ಕುಂತಾರ ನಮ್ಮ ಈರಭದ್ರಪ್ಪ!"

"ಸುಳ್ಳ! ಒಂದ ಸಲ ಕುಂತಿದ್ದೆ!" ಎಂದು ಹಿಂದಿನಿಂದ ಅವಳ ಮುದುಕ ಕೂಗಿದ.

ಬೇವಿನ ಮರದ ಹಿಂದೆ ಗುರುಗಳು ಹೊಟ್ಟೆ ಹಿಡಿದು ನಗುತ್ತಿದ್ದರು.

"ನಗೂದು ಆಮ್ಯಾಲ," ಎಂದಳು ನಿಂಬೆವ್ವ. "ಬೆಲ್ಲ, ನೇಗಿಲ, ಕನ್ನಡಿ. ಮುಂಜಾನಿಂದ ಮೂರನ್ನೂ ಬಾಯಾಗ ಹಿಡ್ಕೊಂಡು ಕುಂತೀನಿ. ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ಯಾವಾಗ ಕೇಳ್ತಿ ಮಾರಾಯಾ?"

ಉಳಿದ ಪ್ರಶ್ನೆಗಳನ್ನು ಸಂಗಯ್ಯ ಈ ಸಲ ಒಂದೂ ಬಿಡದೆ ಕೇಳಿದ. ಒಂದೂ ಬಿಡದೆ ಉತ್ತರ ಬಂತು. ಅವನು ಮರದ ಹತ್ತಿರ ಓಡಿದ.

"ಅಪ್ಪಾರ, ನಿಂಬೆವ್ವ ಪಾಸು! ಸೋಮವಾರ ಹುಗ್ಗಿ!"

ಗುರುಗಳು ನಕ್ಕು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಂಡರು.

"ಆಕೀದು ಮುಗೀತು. ನನ್ನ ಹೆಸರಿನ ಒಡಪು ಎಲ್ಲಿ?"